ಅಪ್ಪನ ಪಕ್ಕದ ಹಲಗೆ

ಹೊಟ್ಟೆಕಿಚ್ಚಿನ ಬಗ್ಗೆ ನಾನು ಈವರೆಗೆ ಒಂದು ಅಂಕಣವನ್ನೂ ಬರೆದಿಲ್ಲ. ದೇವರ ಬಗ್ಗೆ ಬರೆದು ಬೈಸಿಕೊಂಡಿದ್ದೇನೆ. ಜಾತಿ ಸಮಾವೇಶಗಳ ಬಗ್ಗೆ ಬರೆದು, ನೆಂಟರ ಮದುವೆಗಳಿಗೆ ಕರೆಯೋಲೆ ಬರುವುದನ್ನೇ ನಿಲ್ಲಿಸಿಕೊಂಡಿದ್ದೇನೆ. ಎಡದವರು ನನ್ನನ್ನು ಬಲದವನೆಂದರು, ಬಲದವರು ಎಡದವನೆಂದರು, ಇಬ್ಬರಿಗೂ ನಾನು ನನ್ನವನು ಸ್ವಾಮಿ ಎಂದು ಉತ್ತರ ಕೊಟ್ಟು ಕೂತಿದ್ದೇನೆ. ತತ್ತ್ವಶಾಸ್ತ್ರದ ಮೇಷ್ಟ್ರಾಗಿ ತಲೆ ನರೆಯುವವರೆಗೂ ಹುಡುಗರಿಗೆ ಹೇಳಿದ್ದು ಒಂದೇ ಮಾತು: ಯೋಚನೆ ಮಾಡುವಾಗ ಮನುಷ್ಯ ಒಬ್ಬನೇ ಇರಬೇಕು, ಗುಂಪಿನಲ್ಲಿ ನಿಂತರೆ ತಲೆ ನಿಂತುಹೋಗುತ್ತದೆ. ಆದರೆ ಹೊಟ್ಟೆಕಿಚ್ಚು? ಅದರ ಸುದ್ದಿಗೆ ಹೋಗಲಿಲ್ಲ. ಓದಿ ತಿಳಿದ ವಿಷಯವನ್ನು ಬರೆಯುವುದು ಸುಲಭ, ಇದು ಓದಿ ತಿಳಿದದ್ದಲ್ಲ. ಅದೂ ಯಾರ ಮೇಲೆ? ನನಗಿಂತ ಮೊದಲು ಪ್ರಶಸ್ತಿ ಹೊಡೆದ ಗೆಳೆಯರ ಮೇಲಲ್ಲ. ಅವರ ಮೇಲೂ ಇದೆ, ಸುಳ್ಳು ಯಾಕೆ ಹೇಳಲಿ, ಆದರೆ ಅದು ಒಂದು ಊಟ, ಒಂದು ನಿದ್ದೆಗೆ ಹೋಗಿಬಿಡುವಂಥದ್ದು. ಹೋಗದೇ ಉಳಿದದ್ದು ನನ್ನ ತಂಗಿ ಅನಸೂಯಳ ಮೇಲಿನದು. ಆ ಹೆಸರಿಗೆ ಅಸೂಯೆ ಇಲ್ಲದವಳು ಅಂತ ಅರ್ಥ. ಅವಳ ಪಾಲಿನದೂ ಸೇರಿ ನನಗೇ ಬಂತು ಅಂತ ಕಾಣುತ್ತದೆ.

ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಮೊದಲು ಮಗ್ಗ, ಆಮೇಲೆ ಮನುಷ್ಯರು. ಬೀದಿ ಬಾಗಿಲು ದಾಟಿದ ಕೂಡಲೇ ಸಿಗುವ ದೊಡ್ಡ ಕೋಣೆ ಮಗ್ಗದ್ದು. ಬೆಳಕಿನ ಕಿಟಕಿ ಅದಕ್ಕೇ, ತಂಪಾದ ಮಣ್ಣಿನ ನೆಲ ಅದಕ್ಕೇ, ಮನೆಗೆ ಬಂದ ಮೊದಲ ಬಲ್ಬೂ ಅದರ ನೆತ್ತಿಯ ಮೇಲೆಯೇ. ನಾನೂ ತಂಗಿಯೂ ಅದರ ಹಿಂದಿನ ಕತ್ತಲ ನಡುಕೋಣೆಯಲ್ಲಿ ಉಂಡು, ಮಲಗಿ, ಜಗಳವಾಡಿ ಬೆಳೆದೆವು. ಅದರ ಹಿಂದೆ ಅಡುಗೆಮನೆ, ಆಮೇಲೆ ಹಿತ್ತಲು, ಹಿತ್ತಲ ಗೋಡೆಯಾಚೆ ಬರೀ ಬಂಡೆ. ಬೇಸಿಗೆಯಲ್ಲಿ ಆ ಬಂಡೆ ಕಾದರೆ ಹೊತ್ತು ಮುಳುಗಿದ ಮೇಲೂ ಹಿತ್ತಲಲ್ಲಿ ಕಾಲಿಡಲಾಗುತ್ತಿರಲಿಲ್ಲ. ಅವ್ವ ಪಾತ್ರೆ ತೊಳೆಯುವಾಗ ಬಂಡೆಗೆ ಬೈಯುವಳು, ಅದು ಯಾರೋ ಕಿವಿ ಕೇಳದ ಅತ್ತೆ ಅನ್ನುವ ಹಾಗೆ. ಮಗ್ಗದ ಕೋಣೆಗೂ ನಡುಕೋಣೆಗೂ ನಡುವಿನ ಗೋಡೆಯಲ್ಲಿ ದೀಪ ಇಡುವ ಒಂದು ಗೂಡು ಇತ್ತು. ಆ ಗೂಡಿನ ಹಿಂಬದಿಯ ಗಾರೆ ಉದುರಿ, ಅಂಗೈ ತೂರುವಷ್ಟು ಕಂಡಿ ಬಿದ್ದಿತ್ತು. ನನ್ನ ಆತ್ಮಕಥೆಯ ಈ ಅಧ್ಯಾಯದಲ್ಲಿ ಆ ಕಂಡಿಗೆ ಕೆಲಸ ಇದೆ, ಹಾಗಾಗಿ ಹೇಳಿದೆ.

ನಮ್ಮೂರ ರೇಷ್ಮೆ ಸೀರೆಯ ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಹಾಗೆ ಬರಬೇಕಾದರೆ ಒಬ್ಬರು ಕೂತು ನೇಯಲು ಆಗುವುದಿಲ್ಲ. ಅಪ್ಪ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಮೈಯ ಲಾಳಿಯನ್ನು ಎಸೆಯುವನು. ಎಡದ ಅಂಚು ಅವನ ಕೈಯಳತೆಯಲ್ಲೇ ಇತ್ತು. ಬಲದ ಅಂಚಿಗೆ ಮಾತ್ರ ಜೊತೆ ಬೇಕು. ಮೈಯ ನೂಲು ಅಲ್ಲಿಗೆ ಬಂದ ಕೂಡಲೇ ಪಕ್ಕದಲ್ಲಿ ಕೂತವರು ಅಂಚಿನ ನೂಲನ್ನು ಅದಕ್ಕೆ ಕೊಕ್ಕೆ ಹಾಕಿಸಿ, ತಮ್ಮ ಪುಟ್ಟ ಲಾಳಿಯನ್ನು ದಾಟಿಸಬೇಕು. ಕೊಕ್ಕೆ ತಪ್ಪಿದರೆ ಮೈಗೂ ಅಂಚಿಗೂ ನಡುವೆ ಸೀಳು ಬೀಳುತ್ತದೆ. ಈ ಜೊತೆಗಾರರಿಗೆ ಅಂತಲೇ ಗುಂಡಿಯ ಬಲತುದಿಯಲ್ಲಿ ಒಂದು ಹಲಗೆ ಹಾಕಿತ್ತು, ಕೂತು ಕೂತು ನುಣ್ಣಗಾದ ಹಲಗೆ. ನನಗೆ ನೆನಪು ಮೂಡುವ ಹೊತ್ತಿಗೆ ಅದರ ಮೇಲೆ ಅವ್ವ ಕೂರುತ್ತಿದ್ದಳು. ಅವ್ವನಿಗೆ ಸೊಂಟ ಹಿಡಿದು ಅದರ ಮೇಲೆ ಕೂರಲಾರದಂತಾದ ಮೇಲೆ, ಒಂದು ಬೆಳಿಗ್ಗೆ ಅಪ್ಪ ನಡುಕೋಣೆಯ ಬಾಗಿಲಿಗೆ ಬಂದು ನಿಂತು ನಮ್ಮಿಬ್ಬರನ್ನೂ ನೋಡಿದ. ನಾನು ದೊಡ್ಡವನು. ಗಂಡು. ಅವನು ಕೇಳುವ ಮೊದಲೇ ಎದ್ದು ನಿಂತು ಚಡ್ಡಿ ಏರಿಸಿಕೊಂಡಿದ್ದೆ. ಅಪ್ಪ ನನ್ನ ತಲೆಯ ಮೇಲಿಂದ ದಾಟಿಸಿ ಅವಳನ್ನು ನೋಡಿ ಕರೆದ.

"ಏಮ್ಮಾ ಅನಸೂ, ಇಟು ರಾ."

ಅಪ್ಪನಿಗೆ ಪ್ರೀತಿ ಬಂದರೂ ತೆಲುಗು, ಸಿಟ್ಟು ಬಂದರೂ ತೆಲುಗು. ಮಿಕ್ಕದ್ದಕ್ಕೆಲ್ಲ ಕನ್ನಡ. ನನ್ನ ಪಾಲಿಗೆ ಬರುತ್ತಿದ್ದದ್ದು ಕನ್ನಡ. ಹಾಗೆ ಕರೆಸಿಕೊಂಡ ನನ್ನ ತಂಗಿ ಬಾಯಲ್ಲಿದ್ದ ಶೇಂಗಾ ಬೀಜ ನುಂಗಿ, ಲಂಗ ಎತ್ತಿ ಹಿಡಿದು, ಹಲಗೆಯ ಮೇಲೆ ಹೋಗಿ ಕೂತಳು. ಮೊದಲು ಅವಳ ಮಧ್ಯಾಹ್ನದ ಶಾಲೆ ನಿಂತಿತು, ಆಮೇಲೆ ಬೆಳಗಿನದೂ ನಿಂತಿತು. ನಾನು ಅದನ್ನೂ ಅವಳ ಅದೃಷ್ಟದ ಲೆಕ್ಕಕ್ಕೇ ಹಾಕಿದೆ. ಶಾಲೆಯೂ ತಪ್ಪಿತು, ಅಪ್ಪನ ಪಕ್ಕವೂ ಸಿಕ್ಕಿತು, ಎಂಥಾ ಪುಣ್ಯವಂತೆ ನೋಡಿ! ನಾನು ಮಾತ್ರ ಬೆತ್ತದೇಟು ತಿನ್ನಲು ಚೀಲ ನೇತು ಹಾಕಿಕೊಂಡು ಹೊರಡಬೇಕು.

ಬರೀ ಹಲಗೆಯಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಉರಿದದ್ದು ಮಾತಿಗೆ. ನಮ್ಮಪ್ಪ ಮೂಗಬಸವ ಅಂತ ಓಣಿಗೆಲ್ಲ ಗೊತ್ತು. ಬಂದವರಿಗೆ ಬನ್ನಿ, ಹೋಗುವವರಿಗೆ ಹೋಗಿಬನ್ನಿ, ಅಲ್ಲಿಗೆ ಮುಗಿಯಿತು. ಆದರೆ ಮಗ್ಗದಲ್ಲಿ ಕೂತರೆ ಆ ಮನುಷ್ಯ ಬೇರೆಯೇ. ಲಾಳಿಯ ಸದ್ದಿನ ಕೆಳಗೆ, ತಗ್ಗಿದ ದನಿಯಲ್ಲಿ, ಮಾತಾಡುತ್ತಲೇ ಇರುವನು. ಅವ್ವ ಕೂತಾಗಲೂ ಮಾತಾಡುತ್ತಿದ್ದನಂತೆ, ಅದು ಗಂಡ ಹೆಂಡತಿಯ ಮಾತು, ನನಗೆ ಅದರ ಗೊಡವೆ ಇರಲಿಲ್ಲ. ಅನಸೂಯ ಕೂತ ಮೇಲೆ ನಾನು ಶಾಲೆ ಬಿಟ್ಟು ಬಂದವನೇ ಪುಸ್ತಕ ಹಿಡಿದು ಗೂಡಿನ ಕೆಳಗೆ ಗೋಡೆಗೆ ಒರಗುತ್ತಿದ್ದೆ. ಕಂಡಿಯಿಂದ ಸದ್ದು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಲಾಳಿಯ ಟಕ್ ಎಂಬ ಸದ್ದಿಗೆ ಸರಿಯಾಗಿ ಮುಖ್ಯವಾದ ಪದವೇ ಕೊಚ್ಚಿ ಹೋಗುವುದು. ತೆಲುಗಿನದೊಂದು ತುಂಡು, ಕನ್ನಡದ್ದೊಂದು ತುಂಡು, ಆಮೇಲೆ ಅವಳು ಕಿಸಕ್ಕನೆ ನಗುವುದು. ಏನು ಹೇಳಿದ? ಯಾಕೆ ನಕ್ಕಳು? ನನ್ನ ಬಗ್ಗೆಯೇ ಏನಾದರೂ ಹೇಳಿದನಾ? ಗೂಡಿನ ಕೆಳಗೆ ನಾನು ಓದಿದೆ ಅಂತ ಊರವರು ಮೆಚ್ಚಿಕೊಂಡರು. ಪುಟ ಮಗುಚಿದರೆ ಸದ್ದಾಗುತ್ತದೆ ಅಂತ ಒಂದೇ ಪುಟವನ್ನು ಗಂಟೆಗಟ್ಟಲೆ ನೋಡುತ್ತ ಕೂತಿರುತ್ತಿದ್ದೆ ಸ್ವಾಮಿ. ನನ್ನ ಏಕಾಗ್ರತೆಯ ಮೂಲ ಅದು.

ಊಟದಲ್ಲೂ ಅದೇ ಗೋಳು. ಮಗ್ಗದ ಮನೆಗಳಲ್ಲಿ ನೇಯುವ ಜೋಡಿ ಮಗ್ಗಕ್ಕೆ ಒಟ್ಟಿಗೇ ಇಳಿಯಬೇಕು, ಒಬ್ಬರು ಎದ್ದರೆ ಇನ್ನೊಬ್ಬರಿಗೆ ಕೆಲಸವಿಲ್ಲ. ಹಾಗಾಗಿ ಜೋಡಿಗೆ ಒಟ್ಟಿಗೇ ಊಟ, ಅದೂ ಮೊದಲ ಊಟ. ಅವ್ವ ಮಗ್ಗದ ಕೋಣೆಯ ಹೊಸ್ತಿಲ ಒಳಗೆ ಎರಡು ತಟ್ಟೆ ಇಡುವಳು, ಹಬೆಯಾಡುವ ಮುದ್ದೆ, ಹುರುಳಿಕಾಳಿನ ಸಾರು, ಮೇಲೊಂದು ಹಸಿ ಈರುಳ್ಳಿ. ಅಪ್ಪ ತನ್ನ ತಟ್ಟೆಯ ಈರುಳ್ಳಿಯನ್ನು ಗುದ್ದಿ ಒಡೆದು ಒಳಗಿನ ಎಳೆಯ ಭಾಗವನ್ನು ಅವಳ ತಟ್ಟೆಗೆ ಹಾಕುವನು. ನಾನೂ ಅವ್ವನೂ ಆಮೇಲೆ ಒಲೆಯ ಮುಂದೆ ಉಣ್ಣಬೇಕು. ನಮ್ಮ ಸರದಿಗೆ ಮುದ್ದೆ ಬಿಗಿದುಕೊಂಡಿರುತ್ತಿತ್ತು, ಸಾರು ತಳದ್ದು. ಒಂದು ಸಲ ತಟ್ಟೆ ತಳ್ಳಿದೆ.

"ನನಗೂ ಮೊದ್ಲು ಹಾಕು. ನಾನೇನು ಈ ಮನೇಲಿ ಬಿಟ್ಟಿ ಬಿದ್ದೀನಾ?"

ಅವ್ವ ಸೌಟು ತೋರಿಸಿದಳು.

"ಏನೋ ನಿಂದು ರಗಳೆ? ಅದು ಬೆಳಗ್ಗಿಂದ ಬೆನ್ನು ಬಗ್ಗಿಸಿ ಕುಂತೈತೆ. ಮುಖ ಊದಿಸ್ಕಬ್ಯಾಡ, ಉಣ್ಣು."

"ನಾನೂ ಕುಂತ್ಕಂತೀನಿ ಅಂದ್ರೆ ಕುಂಡ್ರಿಸ್ತಾನಾ?"

"ಅದನ್ನ ನಿಮ್ಮಪ್ಪನ್ನೇ ಕೇಳು, ನನ್ನ ತಲೆ ತಿನ್ನಬ್ಯಾಡ."

ಅಪ್ಪನನ್ನು ಕೇಳುವ ಧೈರ್ಯ ಇರಲಿಲ್ಲ, ಹಾಗಾಗಿ ಅವನಿಗೆ ಸುದ್ದಿ ತಂದು ಕೊಡಲು ಶುರು ಮಾಡಿದೆ. ಮಾತಿಗೆ ಮಾತು ಬೆಳೆಯುತ್ತದೆ ಅನ್ನುವ ಆಸೆ. ಶಾಲೆಯಿಂದ ನಮ್ಮನ್ನು ಸಿದ್ದಾಪುರದ ಬಂಡೆಶಾಸನ ನೋಡಲು ಕರೆದುಕೊಂಡು ಹೋಗಿದ್ದರು. ಕುರಿಗಳು ಮೇಯುವ ಆ ಗುಡ್ಡದ ಮೇಲೆ ನಿಲ್ಲಿಸಿ, ಹಳೆಯ ಕಾಲದ ಒಬ್ಬ ದೊಡ್ಡ ರಾಜ ತಂದೆತಾಯಿಗೆ ವಿಧೇಯರಾಗಿರಿ ಎಂದು ಇಲ್ಲಿ ಕೆತ್ತಿಸಿದ್ದಾನೆ ಎಂದು ಮೇಷ್ಟ್ರು ವಿವರಿಸಿದರು. ನಾನು ಅದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದು ಅಪ್ಪನ ಮುಂದೆ ನಿಂತು ಒದರಿದೆ. ಇಡೀ ತಾಲ್ಲೂಕಿನಲ್ಲಿ ಅಷ್ಟು ವಿಧೇಯ ಮಗ ಅವತ್ತು ಇನ್ನೊಬ್ಬ ಇರಲಿಲ್ಲ. ಅಪ್ಪ "ಹೌದಾ" ಅಂದ. ಕಾಲು ತೊಳೆದುಕೊಂಡು ಹೋಗಿ ಗುಂಡಿಗೆ ಇಳಿದ. ಸ್ವಲ್ಪ ಹೊತ್ತಿಗೆ ಕಂಡಿಯಿಂದ ಅವನ ದನಿ, "ಸಿದ್ದಾಪುರ" ಎಂಬ ಒಂದು ಪದ, ಟಕ್ ಟಕ್, ಆಮೇಲೆ ಅವಳ ನಗು. ನಾನು ಹೊತ್ತು ತಂದ ಸುದ್ದಿಯನ್ನು ತೆಗೆದುಕೊಂಡು ಹೋಗಿ ಅವಳಿಗೆ ಕೊಟ್ಟಿದ್ದ! ಥೂ ಅನ್ನಿಸಿತು. ಆ ರಾಜನ ಜೊತೆ ನನಗೆ ಅವತ್ತು ಹುಟ್ಟಿದ ಜಗಳ ಇನ್ನೂ ಮುಗಿದಿಲ್ಲ. ದೊಡ್ಡವನಾದ ಮೇಲೆ ಪತ್ರಿಕೆಗೆ ನಾನು ಬರೆದ ಮೊದಲ ಲೇಖನವೇ ವಿಧೇಯತೆಯ ವಿರುದ್ಧ. ಓದಿದವರು ಎಂಥಾ ಸ್ವತಂತ್ರ ಬುದ್ಧಿ ಎಂದು ಹೊಗಳಿದರು.

ಅಮಾವಾಸ್ಯೆಯ ದಿನ ನಮ್ಮೂರಲ್ಲಿ ಮಗ್ಗಗಳಿಗೆ ರಜೆ. ಓಣಿಯೇ ಮೂಕವಾದಂತೆ ಇರುತ್ತಿತ್ತು. ಅವತ್ತು ಅಪ್ಪ ದಿನವಿಡೀ ನಮ್ಮ ನಡುವೆಯೇ ಇರುವನು, ಆದರೆ ಅವನ ಮಾತಿಗೂ ರಜೆ. ಹಿತ್ತಲಲ್ಲಿ ಬೀಡಿ ಹಚ್ಚಿಕೊಂಡು ಬಂಡೆ ನೋಡುತ್ತ ಕೂತುಬಿಡುವನು. ಸ್ನಾನ ಆದ ಮೇಲೆ ಮಗ್ಗಕ್ಕೆ ಪೂಜೆ. ನೇಯುವ ಜೋಡಿಯೇ ಅದನ್ನು ಮಾಡಬೇಕು, ಇಬ್ಬರೂ ತಂತಮ್ಮ ಜಾಗದಲ್ಲಿ ಕೂತು ಲಾಳಿಗಳಿಗೆ ಕುಂಕುಮ ಹಚ್ಚಬೇಕು. ಅಂಥ ಒಂದು ಅಮಾವಾಸ್ಯೆ, ಅನಸೂಯ ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ, ನಾನು ಹೋಗಿ ಹಲಗೆಯ ಮೇಲೆ ಕೂತುಬಿಟ್ಟೆ.

"ಏಳೋ ಅಣ್ಣ, ಅದು ನನ್ನ ಜಾಗ."

"ನಿನ್ನ ಹೆಸರು ಬರ್ದೈತಾ?"

"ನೋಡಪ್ಪಾ ಇವ್ನು!"

"ಯಾಕೆ, ನಾನು ಈ ಮನೆ ಮಗ ಅಲ್ವಾ? ಏಳಲ್ಲ ಹೋಗು. ಏನ್ಮಾಡ್ತೀಯಾ?"

ಅವಳು ನನ್ನ ಕೂದಲು ಹಿಡಿದಳು, ನಾನು ಅವಳ ಒದ್ದೆ ಜಡೆ ಹಿಡಿದೆ. ಅವ್ವ ಅಡುಗೆಮನೆಯಿಂದಲೇ ಇಬ್ಬರಿಗೂ ಬೈಗುಳ ಶುರು ಮಾಡಿದಳು. ಕುಂಕುಮದ ಬಟ್ಟಲು ಉರುಳಿತು. ಅಪ್ಪ ಬಾಗಿಲಲ್ಲಿ ನಿಂತು ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೂ ಸಂತೋಷವೇ, ನನಗೆ ಅಂತಲೇ ಬಂದ ಏಟು ಅದು. ಅವನು ಹೊಡೆಯಲಿಲ್ಲ. ನೆಲದ ಮೇಲಿನ ಕುಂಕುಮವನ್ನು ಬೆರಳಲ್ಲಿ ಎತ್ತಿಕೊಂಡು ಲಾಳಿಗೆ ಹಚ್ಚಿ, ನನ್ನ ಕಡೆ ನೋಡಿ ಹೇಳಿದ.

"ನಾಳೆ ಕುಂಡ್ರುವಂತೆ. ಈಗ ಏಳು."

ಆ ನಾಳೆಯಷ್ಟು ಉದ್ದದ ದಿನ ನನ್ನ ಬದುಕಿನಲ್ಲಿ ಮತ್ತೆ ಬಂದಿಲ್ಲ. ಶಾಲೆಗೆ ಚಕ್ಕರ್ ಹಾಕಿ, ಬೆಳಿಗ್ಗೆಯೇ ಹಲಗೆಯ ಮೇಲೆ ಹತ್ತಿ ಕೂತೆ. ಅನಸೂಯ ನಡುಕೋಣೆಯ ಬಾಗಿಲಲ್ಲಿ ಮುಖ ಸಣ್ಣಗೆ ಮಾಡಿ ನಿಂತಿದ್ದಳು, ಅದನ್ನು ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಲಾಳಿ ದಾಟಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲವೇ? ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪ ಎಸೆದ, ನಾನು ಕೊಕ್ಕೆ ಹಾಕಿಸಿ ದಾಟಿಸಿದೆ, ಅವನು ನೂಲನ್ನು ಬಡಿದು ಕೂರಿಸಿದ. ಮತ್ತೆ ಎಸೆದ. ಪಾರಿವಾಳದ ಕೊರಳ ಬಣ್ಣದ ಮೈ, ಅರಿಶಿನದ ಬಣ್ಣದ ಅಂಚು. ಎಲ್ಲಾ ಸರಿಯಾಗಿತ್ತು. ಆದರೆ ಅಪ್ಪ ಮಾತಾಡಲಿಲ್ಲ. ಈಗ ಶುರು ಮಾಡುತ್ತಾನೆ, ಈ ಸಾಲು ಮುಗಿಯಲಿ ಅಂತ ಕಾಯುತ್ತಿರಬೇಕು ಅಂದುಕೊಂಡೆ. ಅವನು ನನ್ನ ಕೈ ನೋಡುತ್ತಿದ್ದ, ನಾನು ಅವನ ಬಾಯಿ ನೋಡುತ್ತಿದ್ದೆ. ಅವನ ತುಟಿ ಅಲುಗಿದರೆ ನನ್ನ ಎದೆ ಹಾರುವುದು, ನೋಡಿದರೆ ಬರೀ ಎಂಜಲು ನುಂಗಿದ್ದು. ಬಿಸಿಲು ಕಿಟಕಿ ದಾಟಿ ನೂಲಿನ ಮೇಲೆ ಬಂತು. ಆಗ ಅಪ್ಪ ಬಾಯಿ ಬಿಟ್ಟ.

"ಅಂಚು ನೋಡಲೇ."

ನೋಡಿದೆ. ಮೈಗೂ ಅಂಚಿಗೂ ನಡುವೆ ಕಿರುಬೆರಳು ತೂರುವಷ್ಟು ಸೀಳು. ಬಾಯಿ ನೋಡುತ್ತ ನೋಡುತ್ತ ಕೊಕ್ಕೆ ಹಾಕಿಸುವುದನ್ನೇ ಮರೆತು ಬರೀ ಲಾಳಿ ದಾಟಿಸುತ್ತ ಕೂತಿದ್ದೆ. ಅಂಚು ತನ್ನ ಪಾಡಿಗೆ ತಾನು, ಮೈ ತನ್ನ ಪಾಡಿಗೆ ತಾನು ನೇಯ್ದುಕೊಂಡು ಬಂದಿತ್ತು. ಬಿಚ್ಚಿದರೆ ರೇಷ್ಮೆ ಎಳೆ ಸಿಬಿರೇಳುತ್ತದೆ, ಬಿಚ್ಚುವ ಹಾಗೂ ಇಲ್ಲ. ಅಪ್ಪ ಬೈಯಲಿಲ್ಲ. ಸೀಳಿನ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ನನ್ನ ಬೆನ್ನು ತಟ್ಟಿದ, ಮೆಲ್ಲಗೆ, ಕನ್ನಡದಲ್ಲೇ.

"ನೀನು ಓದ್ಕಾ ಹೋಗಪ್ಪ."

ಇದಿಷ್ಟು ನನ್ನ ವಿದ್ಯಾಭ್ಯಾಸದ ಆರಂಭ. ಆ ಸೀರೆಯನ್ನು ನಮಗೆ ನೂಲು ಕೊಡುತ್ತಿದ್ದ ಸಾಹುಕಾರ ತೆಗೆದುಕೊಳ್ಳಲಿಲ್ಲ, ಅದು ಮನೆಯಲ್ಲೇ ಉಳಿಯಿತು. ಅವ್ವ ಸೀಳನ್ನು ಒಳಗಿನಿಂದ ಹೊಲಿದು, ನೆರಿಗೆಯಲ್ಲಿ ಮುಚ್ಚಿ, ಹಬ್ಬಕ್ಕೆ ಉಟ್ಟಳು. ಜೀವಮಾನವಿಡೀ ರೇಷ್ಮೆ ನೇಯ್ದವಳ ಮೈಮೇಲೆ ಬಂದ ಮೊದಲ ರೇಷ್ಮೆ ಅದು. ಓಣಿಯ ಹೆಂಗಸರು ಕೇಳಿದರೆ, ನನ್ನ ಮಗನ ಕೈಯಾಗಿನ ಸೀರೆ ಕಣ್ರೇ, ಅನ್ನುವಳು. ಅನಸೂಯಳಿಗೆ ಆಗ ಹೊಟ್ಟೆ ಉರಿದಿರಬೇಕು ಅಂತ ನನಗೆ ಆಸೆ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಸೀಳು ಬಿದ್ದ ಮಾರನೇ ದಿನವೇ ಅವಳು ಹಲಗೆಗೆ ಮರಳಿದ್ದಳು, ಕಂಡಿಯಿಂದ ಮಾತೂ ಮರಳಿತ್ತು.

ಓದ್ಕಾ ಹೋಗು ಅಂದಮೇಲೆ ಅಪ್ಪ ನಿಜವಾಗಿಯೂ ಕಳಿಸಿದ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಸೋದರಮಾವನ ಮನೆಗೆ ನನ್ನನ್ನು ಬಿಟ್ಟರು. ಮಾವನ ಬಟ್ಟೆ, ಹಾಸಿಗೆ, ಅವನು ಕೊಟ್ಟ ಪೆಪ್ಪರ್‌ಮೆಂಟು, ಎಲ್ಲಕ್ಕೂ ಶೇಂಗಾ ಹಿಂಡಿಯ ವಾಸನೆ. ಪಕ್ಕದ ಮನೆಯಲ್ಲಿ ಲಾರಿ ಮೆಕ್ಯಾನಿಕ್ ಬಾಷಾ ಸಾಬರು. ಅವರೂ ಅವರ ಮಗನೂ ಒಂದೇ ಲಾರಿಯ ಕೆಳಗೆ ಮಲಗಿ, ನಾಲ್ಕು ಕಾಲು ಮಾತ್ರ ಹೊರಗೆ ಬಿಟ್ಟು, ಉರ್ದುವಿನಲ್ಲಿ ಮಾತಾಡಿಕೊಳ್ಳುತ್ತ ರಿಪೇರಿ ಮಾಡುವರು. ನೋಡಿ ನನ್ನ ಹಣೆಬರಹ, ಊರು ಬಿಟ್ಟು ಬಂದರೂ ಅದೇ ಗೊಣಗೊಣ ನನ್ನ ಬೆನ್ನು ಬಿಡಲಿಲ್ಲ. ನಾನು ಮಾವನ ಜಗಲಿಯಲ್ಲಿ ಪುಸ್ತಕ ಹಿಡಿದು ಆ ನಾಲ್ಕು ಕಾಲುಗಳನ್ನು ದಿಟ್ಟಿಸುತ್ತಿದ್ದೆ. ಒಂದು ದಿನ ಬಾಷಾ ಸಾಬರು ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ನಕ್ಕರು.

"ಕ್ಯಾ ಬೇಟಾ, ಯಾವಾಗ್ಲೂ ಒಬ್ನೇ ಕೂತಿರ್ತೀಯಲ್ಲ. ಜೊತೆ ಬೇಡ್ವಾ?"

"ಬೇಡ. ನನಗೆ ಒಬ್ಬನೇ ಇರೋದೇ ಇಷ್ಟ."

ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿದ ಮೇಲೆ ಅದರ ರುಚಿ ಹತ್ತಿತು. ಕಾಲೇಜಿಗೆ ಹೋದೆ, ತತ್ತ್ವಶಾಸ್ತ್ರ ತೆಗೆದುಕೊಂಡೆ, ನಾನು ಹೇಳಿದ್ದನ್ನೇ ನನಗಿಂತ ಮೊದಲೇ ಹೇಳಿದ ಎಷ್ಟೊಂದು ಮಂದಿ ಪುಸ್ತಕಗಳಲ್ಲಿ ಸಿಕ್ಕಿದರು! ಅವರನ್ನೂ ಯಾರೂ ಪಕ್ಕದಲ್ಲಿ ಕೂರಿಸಿಕೊಂಡಿರಲಿಲ್ಲವೇನೋ ಪಾಪ. ಪಿಎಚ್‌.ಡಿ. ಮಾಡಿದೆ, ಮೈಸೂರಿನಲ್ಲಿ ಮೇಷ್ಟ್ರಾದೆ. ಪತ್ರಿಕೆಯವರು ಅಂಕಣ ಕೊಟ್ಟರು. ಸಂಘ ಸೇರಲಿಲ್ಲ, ಪಕ್ಷ ಸೇರಲಿಲ್ಲ, ಸಹಿ ಸಂಗ್ರಹದವರು ಬಂದರೆ ಪೆನ್ನು ಇಲ್ಲ ಅಂದೆ. ಅಂಚು ತನ್ನ ಪಾಡಿಗೆ ತಾನು, ಮೈ ತನ್ನ ಪಾಡಿಗೆ ತಾನು ಇದ್ದರೆ ಏನು ಕೆಟ್ಟಿತು ಅನ್ನುವುದನ್ನೇ ವಾರವಾರ ಬೇರೆ ಬೇರೆ ಮಾತಿನಲ್ಲಿ ಬರೆದೆ. ಆದರೆ ರಜೆಗೆ ಊರಿಗೆ ಹೋದಾಗ, ಚೀಲ ಇಳಿಸಿದ ಕೂಡಲೇ ನನ್ನ ಕಾಲು ತಾನಾಗಿಯೇ ಗೂಡಿನ ಕಡೆಗೆ ನಡೆಯುತ್ತಿತ್ತು.

ಅನಸೂಯಳಿಗೆ ಮದುವೆ ಗೊತ್ತಾದಾಗ ಎಲ್ಲರಿಗಿಂತ ಹೆಚ್ಚು ಓಡಾಡಿದವನು ನಾನು. ಎಂಥಾ ಅಣ್ಣ ಅಂದರು. ಹೋಗುತ್ತಾಳಲ್ಲ, ಹಲಗೆ ಖಾಲಿಯಾಗುತ್ತದಲ್ಲ, ಅದು ನನ್ನ ಉತ್ಸಾಹ. ಗಂಡನ ಮನೆ ಯಾವೂರು? ಹಿಂದಿನ ಬೀದಿ! ಮದುವೆಯ ಶಾಸ್ತ್ರವೆಲ್ಲ ಮುಗಿಸಿ, ಕೈಗೆ ಕಟ್ಟಿದ ಅರಿಶಿನ ಕೊಂಬು ಬಿಚ್ಚುವ ಮೊದಲೇ, ಬೆಳಿಗ್ಗೆ ಬಂದು ಹಲಗೆಯ ಮೇಲೆ ಕೂತಳು. ಹೊಸ ಬಳೆಗಳ ಸದ್ದೂ ಸೇರಿ ಕಂಡಿಯಿಂದ ಏನೊಂದೂ ತಿಳಿಯದ ಹಾಗಾಯಿತು. ಅಪ್ಪ ಕೊನೆಗೆ ಚಳ್ಳಕೆರೆಯ ಆಸ್ಪತ್ರೆಯಲ್ಲಿ ಮಲಗಿದಾಗ ನಾನು ರಜೆ ಹಾಕಿ ಬಂದು ಪಕ್ಕದಲ್ಲಿ ಕೂತೆ. ಅವನು ನನ್ನ ಕೈ ಹಿಡಿದುಕೊಂಡ, ಊಟ ಆಯ್ತಾ ಅಂತ ಕೇಳಿದ, ಅಷ್ಟೇ. ಅನಸೂಯ ಬಂದಳು. ನಾನು ಟೀ ತರಲು ಹೋಗಿ ಫ್ಲಾಸ್ಕ್ ಹಿಡಿದು ವಾಪಸು ಬರುವಾಗ ವಾರ್ಡಿನ ಬಾಗಿಲಲ್ಲೇ ಆ ದನಿ ಕೇಳಿತು, ಅದೇ ತಗ್ಗಿದ ದನಿ, ಮಗ್ಗವಿಲ್ಲದೆಯೂ. ನಾನು ಒಳಗೆ ಕಾಲಿಟ್ಟೆ, ದನಿ ನಿಂತಿತು. ಅಪ್ಪ ಸತ್ತದ್ದಕ್ಕೆ ಅತ್ತೆ, ಹೌದು. ಅದರಲ್ಲಿ ಎಷ್ಟು ಅಳು ದುಃಖದ್ದು, ಎಷ್ಟು ಆ ವಾರ್ಡಿನ ಬಾಗಿಲಿನದು ಎಂದು ಬೇರೆ ಮಾಡಲು ನನ್ನ ಯಾವ ತತ್ತ್ವಶಾಸ್ತ್ರಕ್ಕೂ ಆಗಿಲ್ಲ.

ಮೊನ್ನೆ ಮೊನ್ನೆ ಚಳ್ಳಕೆರೆಯಲ್ಲಿ ನನಗೊಂದು ಸನ್ಮಾನ ಇಟ್ಟುಕೊಂಡಿದ್ದರು. ಮೈಕಿನ ಮುಂದೆ ಬಂದವರು, ಮಗ ಮಗ್ಗಕ್ಕೆ ಕಟ್ಟುಬೀಳಬಾರದೆಂದು ತಾನೊಬ್ಬನೇ ದುಡಿದು ಮಗನನ್ನು ಓದಿಸಿದ ಮಹಾನುಭಾವ ತಂದೆ ಎಂದು ಅಪ್ಪನನ್ನು ಕೊಂಡಾಡಿದರು. ಒಬ್ಬನೇ ಅಂತೆ! ಮುಂದಿನ ಸಾಲಿನಲ್ಲಿ ಕೂತಿದ್ದ ಅನಸೂಯ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಅವಳಿಗೂ ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಅಪ್ಪ, ಅವ್ವ ಹೋದ ಮೇಲೆ ಅವಳ ಸಂಸಾರ ನಮ್ಮ ಮನೆಗೇ ಬಂದಿದೆ. ಈಗ ಅಪ್ಪನ ಜಾಗದಲ್ಲಿ ಅವಳೇ ಕೂತು ನೇಯುತ್ತಾಳೆ, ಹಲಗೆಯ ಮೇಲೆ ಅವಳ ಸೊಸೆ ಮಂಜುಳ. ಸನ್ಮಾನದ ಹಾರ, ಹಣ್ಣಿನ ಬುಟ್ಟಿ ಸಮೇತ ಅವತ್ತೇ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಮೊಳಕಾಲ್ಮುರಿಗೆ ಬಂದೆ. ಕಾರಿನಲ್ಲಿ ಕೇಳಬೇಕೆಂದುಕೊಂಡೆ, ದಾರಿಯ ಬಿ.ಜಿ. ಕೆರೆ ಊರು ದಾಟುವವರೆಗೂ ಬಾಯಿ ಬರಲಿಲ್ಲ, ಆಮೇಲೆ ಅವಳು ನಿದ್ದೆ ಹೋದಳು. ಮಾರನೇ ಬೆಳಿಗ್ಗೆ ಅವಳೂ ಮಂಜುಳಳೂ ಮಗ್ಗಕ್ಕೆ ಇಳಿದ ಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ.

"ಅನಸೂ, ಪುಸ್ತಕ ಬರೀತಿದೀನಿ. ನನ್ನ ಜೀವನದ್ದು."

"ಗೊತ್ತೈತೆ. ಬರಿ."

"ಅಪ್ಪನ ಅಧ್ಯಾಯ ಬರೀಲಿಕ್ಕೆ ಆಗ್ತಿಲ್ಲ. ಏನೂ ಇಲ್ಲ ನನ್ನ ಹತ್ರ."

"ಅಯ್ಯೋ, ನಿನಗೇನು ಅಪ್ಪ ಇರ್ಲಿಲ್ವಾ?"

"ತಮಾಷೆ ಬೇಡ. ಇಲ್ಲಿ ಕೂತು ನಿನಗೆ ಏನೇನೋ ಹೇಳ್ತಿದ್ದನಲ್ಲ. ಏನು ಹೇಳ್ತಿದ್ದ? ನೆನಪೈತಾ?"

ಅವಳ ಕಾಲು ಗುಂಡಿಯಲ್ಲಿ ನಿಂತಿತು.

"ಎಲ್ಲಾ ನೆನಪೈತೆ."

"ಹೇಳು ಮತ್ತೆ."

"ಹೇಳಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. ಆಗ ನನಗೆ ರೇಗಿತು, ಆ ಅಮಾವಾಸ್ಯೆಯ ದಿನದ ಹಾಗೆಯೇ. ಅವನು ನನಗೂ ಅಪ್ಪ ಅಲ್ಲವಾ, ಅವನ ಮಾತಿನಲ್ಲಿ ನನಗೂ ಪಾಲಿಲ್ಲವಾ, ನೀನು ಸತ್ತರೆ ಅದು ಯಾರಿಗೂ ಇಲ್ಲದ ಹಾಗೆ ಹೋಗುತ್ತದಲ್ಲ, ನಾನು ಬರೆದರೆ ನಾಲ್ಕು ಜನ ಓದುತ್ತಾರೆ ಎಂದು ಒಂದೇ ಉಸಿರಿಗೆ ವಾದ ಹೂಡಿದೆ. ಸೆಮಿನಾರುಗಳಲ್ಲಿ ದೊಡ್ಡ ದೊಡ್ಡವರ ಬಾಯಿ ಮುಚ್ಚಿಸಿದ ದನಿ ಅದು. ಮಂಜುಳ ಹೆದರಿ ತಲೆ ತಗ್ಗಿಸಿದಳು. ಅನಸೂಯ ಪೂರ್ತಿ ಕೇಳಿಸಿಕೊಂಡಳು.

"ಮುಗೀತಾ? ನೀನು ಪೇಪರ್‌ನಾಗೆ ಬರ್ದಿದ್ದನ್ನ ನಾನು ಅಕ್ಷರ ಕೂಡಿಸ್ಕಂಡು ಕೂಡಿಸ್ಕಂಡು ಓದೀನಿ ಕಣಣ್ಣ, ಒಂದೂ ಬಿಟ್ಟಿಲ್ಲ. ಮನ್ಸ ಅಂದ್ಮೇಲೆ ಅವನದೇ ಅಂತ ಒಂದು ಇರ್ಬೇಕು, ಅದಕ್ಕೆ ಊರಾಗಲಿ ಕುಲ ಆಗಲಿ ಮನೆಮಂದಿ ಆಗಲಿ ಕೈ ಹಾಕ್ಬಾರ್ದು ಅಂತ ನೀನೇ ಬರ್ದೀಯ."

"ಅದು ಬೇರೆ ವಿಷಯ."

"ಹೆಂಗೆ ಬೇರೆ? ಓದು ನಿನಗಾತು. ಮೈಕು, ಹಾರ, ಹಣ್ಣಿನ ಬುಟ್ಟಿ, ಎಲ್ಲಾ ನಿನಗಾತು. ನಾನು ಒಂದಿನ ಅಡ್ಡ ಬಂದೀನಾ? ಈ ಹಲಗೆ ಮ್ಯಾಗೆ ಕುಂತು ದಿನಾ ಸ್ಕೂಲಿನ ಗಂಟೆ ಕೇಳಿಸ್ಕಂತಿದ್ದೆ. ನೀನು ಆ ಕಡೆಯಿಂದ ಕಿವಿ ಕೊಟ್ಟು ಕುಂತಿರ್ತಿದ್ದೆ ಅನ್ನೋದೂ ಗೊತ್ತಿತ್ತು. ನನಗಂತ ಸಿಕ್ಕಿದ್ದು ಅಪ್ಪನ ಮಾತೊಂದೇ. ಅದನ್ನೂ ಪುಸ್ತಕಕ್ಕೆ ಹಾಕ್ಕಂತೀಯಾ?"

ಅದು ನನ್ನದೇ ವಾದ. ಕಿವಿ ಕೊಟ್ಟು ಕೂತಿದ್ದು ಗೊತ್ತಿತ್ತಂತೆ, ಹಾಗಾದರೆ ಅಪ್ಪನಿಗೂ ಗೊತ್ತಿತ್ತಾ, ಗೊತ್ತಿದ್ದೇ ಅಷ್ಟು ತಗ್ಗಿಸಿ ಮಾತಾಡುತ್ತಿದ್ದನಾ ಎಂದು ಕೇಳಬೇಕೆನ್ನಿಸಿತು. ಅದಕ್ಕೂ ಹೇಳಲ್ಲ ಅಂತಲೇ ಅನ್ನುತ್ತಾಳೆ. ಅವಳು ಒಂದು ಸಲ ನನ್ನ ಮಂಡಿ ತಟ್ಟಿ, ಒಳಗೆ ರೊಟ್ಟಿ ಮುಚ್ಚಿಟ್ಟಿದ್ದೇನೆ, ತಿನ್ನು ಹೋಗು ಅಂದಳು. ಆಮೇಲೆ ಲಾಳಿ ಎತ್ತಿಕೊಂಡಳು. ನಾನು ಎದ್ದು ನಡುಕೋಣೆಗೆ ಬಂದೆ. ಹಿಂದೆ ಟಕ್ ಟಕ್ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅದರ ಕೆಳಗೆ ಅನಸೂಯಳ ದನಿ, ತಗ್ಗಿದ ದನಿ, ತೆಲುಗಿನದೊಂದು ತುಂಡು, ಕನ್ನಡದ್ದೊಂದು ತುಂಡು. ಮಂಜುಳ ಕಿಸಕ್ಕನೆ ನಕ್ಕಳು. ಅಪ್ಪನದೇ ಮಾತು, ನನಗೆ ಅನುಮಾನವೇ ಇಲ್ಲ, ನನಗೆ ಕೊಡದ ಮಾತನ್ನು ನೆನ್ನೆ ಮೊನ್ನೆ ಬಂದ ಸೊಸೆಗೆ ಕೊಡುತ್ತಿದ್ದಾಳೆ. ಹೊಟ್ಟೆಯಲ್ಲಿ ಆ ಹಳೆಯ ಉರಿ ಎದ್ದಿತು, ಒಂದಿಷ್ಟೂ ಕಮ್ಮಿಯಾಗದೆ. ರೊಟ್ಟಿ ಆರುತ್ತಿತ್ತು. ನಾನು ಗೂಡಿನ ಕೆಳಗೆ ಗೋಡೆಗೆ ಒರಗಿ ಕೂತು, ಉಸಿರು ಬಿಗಿಹಿಡಿದು, ಕಂಡಿಗೆ ಕಿವಿ ಕೊಟ್ಟೆ.